ಏಳು ಬಾಯಿ, ಒಂದೇ ಮಾತು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಬಟ್ಟೆ ಎಣಿಸಿದವಳು. ನಂಬಿಕೆ ಏನಿದ್ದರೂ ಎರಡು ಸಲ ಎಣಿಸಿದ ಮೇಲಿನ ಮಾತು. ವಾರ್ಡಿನಿಂದ ಎಂಬತ್ತು ಹಾಸುಬಟ್ಟೆ ಅಂತ ಚೀಟಿ ಬಂದರೆ ಚೀಲದಲ್ಲಿ ಎಪ್ಪತ್ತೇಳು ಇರುತ್ತವೆ. ಉಳಿದ ಮೂರು ಎಲ್ಲಿ ಅಂತ ಕೇಳಿದರೆ ವಾರ್ಡಿನವರು ನಾನೇ ಉಟ್ಟುಕೊಂಡು ಬಂದಿದ್ದೇನೋ ಎಂಬಂತೆ ಮೇಲಿಂದ ಕೆಳಗೆ ನೋಡುತ್ತಾರೆ.

ಇಂಥವಳು ಮೂವತ್ತನಾಲ್ಕನೇ ವಯಸ್ಸಿನಲ್ಲಿ ಮಾನವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತೇನೆ ಅಂತ ಹೊರಟೆ. ಎಂ.ಎ. ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು, ಪರೀಕ್ಷೆಗೆ ರಜೆ ಹಾಕಿ ಹೋಗಿ ಬರೆದು ಬಂದಿದ್ದೆ. "ಎಲ್ಲರೂ ಓದಿ ಕೆಲಸಕ್ಕೆ ಹೋಗ್ತಾರೆ, ನೀನು ಕೆಲಸ ಮಾಡಿ ಓದೋಕೆ ಹೋಗ್ತೀಯ" ಎಂದು ಅಮ್ಮ ನಗುತ್ತಿದ್ದಳು. ಆದರೆ ನಿಯಮ ನಗುವಂಥದ್ದಾಗಿರಲಿಲ್ಲ. ಮೂವತ್ತೈದು ತುಂಬಿದವರಿಗೆ ಸೀಟಿಲ್ಲ. ನನಗೆ ತುಂಬಲು ಎರಡೇ ತಿಂಗಳು ಬಾಕಿ. ಅರ್ಜಿಯ ಮೇಲೆ ಒಬ್ಬ ಗೈಡಿನ ಸಹಿ ಬೇಕು. ಮುಂದಿನ ವಾರದ ಶುಕ್ರವಾರ ಸಂಜೆ ಐದಕ್ಕೆ ಅರ್ಜಿ ತೆಗೆದುಕೊಳ್ಳುವ ಕಿಟಕಿ ಮುಚ್ಚುತ್ತದೆ. ಅಷ್ಟರೊಳಗೆ ಗೈಡ್ ಸಿಗದಿದ್ದರೆ ಈ ಜನ್ಮಕ್ಕೆ ಮುಗಿಯಿತು.

ನನ್ನ ಬಂಡವಾಳ ಅಂದರೆ ಏಳು ನೋಟ್‌ಪುಸ್ತಕ. ಲಾಂಡ್ರಿಯಲ್ಲಿ ನನ್ನ ಜೊತೆ ಏಳು ಹೆಂಗಸರು ಕೆಲಸ ಮಾಡುತ್ತಾರೆ. ಅವರು ಹೇಗೆ ಬಟ್ಟೆ ವಿಂಗಡಿಸುತ್ತಾರೆ, ಯಾವ ವಾರ್ಡಿನ ಚೀಲವನ್ನು ಯಾರು ಮುಟ್ಟುವುದಿಲ್ಲ, ರಕ್ತದ ಕಲೆ ನೋಡಿ ರೋಗ ಹೇಗೆ ಹೇಳುತ್ತಾರೆ, ಎಲ್ಲವನ್ನೂ ಊಟದ ಹೊತ್ತಿನಲ್ಲಿ ಬರೆದಿಟ್ಟಿದ್ದೆ. ಅದರಲ್ಲಿ ಒಂದು ಗುಟ್ಟೂ ಇತ್ತು. ರೋಗಿಗಳ ಹಾಸಿಗೆ ಬಟ್ಟೆಯಲ್ಲಿ ಕನ್ನಡಕ, ಉಂಗುರ, ಚೀಟಿ, ಏನೇನೋ ಸಿಗುತ್ತವೆ. ಸಿಕ್ಕಿದ್ದನ್ನು ಲಕೋಟೆಗೆ ಹಾಕಿ ಆಫೀಸಿಗೆ ಕೊಡಬೇಕು ಅನ್ನುವುದು ನಿಯಮ. ಇವರು ಕೊಡುವುದಿಲ್ಲ. ಇಸ್ತ್ರಿ ಯಂತ್ರದ ಹಿಂದೆ, ಕಪಾಟಿನ ಮೇಲೆ, ಬೀಗ ಹಾಕಿದ ಒಂದು ತಗಡಿನ ಡಬ್ಬವಿದೆ. ಅದರೊಳಗೆ ಹಾಕಿಬಿಡುತ್ತಾರೆ, ಮತ್ತೆ ತೆಗೆಯುವುದಿಲ್ಲ. "ಸಿಕ್ಕಿದ್ದು ಸಿಕ್ಕಿದವರದ್ದಲ್ಲ, ಕಳಕೊಂಡವರದ್ದೂ ಅಲ್ಲ, ಡಬ್ಬದ್ದು" ಎಂದು ಏಳು ಜನರೂ ನನಗೆ ಬೇರೆ ಬೇರೆ ದಿನ ಹೇಳಿದ್ದರು. ಅಕ್ಷರ ವ್ಯತ್ಯಾಸ ಇರಲಿಲ್ಲ. ತಲೆಮಾರಿನಿಂದ ಬಂದ ಮಾತಿರಬೇಕು ಅಂತ ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ. ಇದು ಆಫೀಸಿಗೆ ಗೊತ್ತಾದರೆ ಏಳೂ ಜನರ ಕೆಲಸ ಹೋಗುತ್ತದೆ. ಹಿಂದಿನ ವರ್ಷ ಒಂದು ಕನ್ನಡಕ ಮನೆಗೆ ಒಯ್ದಳು ಅಂತ ವಾರ್ಡಿನ ಆಯಾ ಒಬ್ಬಳನ್ನು ತೆಗೆದುಹಾಕಿದ್ದರು.

ವಿಭಾಗದಲ್ಲಿ ಗೈಡ್ ಆಗಬಲ್ಲವರು ಮೂರೇ ಜನ. ಮೊದಲನೆಯವರು ನಾನು ಮಾತಾಡುವಷ್ಟು ಹೊತ್ತೂ ಗೋಡೆ ಗಡಿಯಾರದ ಜೊತೆಗೇ ಇದ್ದರು. ಎರಡನೆಯವರು, "ಲಾಂಡ್ರಿಯಲ್ಲಿ ಏನಮ್ಮ ಇದೆ ಅಧ್ಯಯನ ಮಾಡೋಕೆ? ಕಾಡಲ್ಲಿರೋ ಜನ ಯಾರಾದ್ರೂ ಗೊತ್ತಿದ್ರೆ ಹೇಳು" ಅಂದರು. ನಮ್ಮ ಲಾಂಡ್ರಿಯ ಉಗಿಯಲ್ಲಿ ಹತ್ತು ನಿಮಿಷ ನಿಂತರೆ ಯಾವ ಕಾಡೂ ಬೇಡ ಅನ್ನಿಸುತ್ತದೆ, ಬೇಕಾದರೆ ಬಂದು ನೋಡಿ ಅನ್ನಬೇಕೆನಿಸಿತು. ಸಹಿ ಬೇಕಾದವಳು ಬಾಯಿ ಮುಚ್ಚಿಕೊಂಡಿರಬೇಕು, ಮುಚ್ಚಿಕೊಂಡೆ.

ಮೂರನೆಯವರು ಮೇಡಂ. ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ಇರುವೆ. ಒಂದೊಂದೇ ಕಾಳು ಹೊತ್ತುಕೊಂಡು ಹೋಗಿ ಗೂಡು ತುಂಬುತ್ತಾರಂತೆ. ಸಣ್ಣ ಆಳು, ಐವತ್ತೆಂಟರ ಆಸುಪಾಸು. ಕೋಣೆಯಲ್ಲಿ ಮೂರು ಕುರ್ಚಿ, ಎರಡರ ಮೇಲೆ ಕಾಗದದ ಕಟ್ಟು. ಅವರು ಗಡಿಯಾರ ನೋಡಲಿಲ್ಲ. ಒಂದೂವರೆ ಗಂಟೆ ಕೇಳಿದರು. ಬಟ್ಟೆ ಮಡಚುವಾಗ ಇಬ್ಬರಲ್ಲಿ ಮೊದಲು ಯಾರು ನಡೆದು ಬರುತ್ತಾರೆ ಅಂತ ಕೇಳಿದರು. ಹನ್ನೊಂದು ವರ್ಷದಲ್ಲಿ ನನಗೆ ಹೊಳೆಯದ ಪ್ರಶ್ನೆ ಅದು. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಖುಷಿಯೇ ಅನುಮಾನಕ್ಕೆ ಕಾರಣವಾಯಿತು. ಇಷ್ಟು ಒಳ್ಳೆಯವರು ಪುಕ್ಕಟೆ ಸಿಗುತ್ತಾರೆಯೇ?

"ಸಹಿ ಹಾಕೋದಕ್ಕೆ ಮುಂಚೆ ನಿಮ್ಮ ನೋಟ್‌ಪುಸ್ತಕ ನೋಡ್ಬೇಕು. ಎಲ್ಲಾ ಪುಸ್ತಕಗಳೂ. ಕೆಲವು ದಿನ ನನ್ನ ಹತ್ರ ಇರಲಿ" ಅಂದರು. ಅರ್ಜಿಯನ್ನು ತಮ್ಮ ಮೇಜಿನ ಮೇಲೇ ಇಟ್ಟುಕೊಂಡರು.

ಕೆಲವು ದಿನ ಯಾಕೆ ಬೇಕು? ಇಲ್ಲೇ ಕೂತು ನೋಡಬಹುದಲ್ಲ? ಹಾಗಂದುಕೊಳ್ಳುತ್ತಲೇ ಕೆಳಗಿಳಿದು, ಅಂಕಪಟ್ಟಿಯ ಪ್ರತಿ ತೆಗೆಸಲು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ನಲವತ್ತೈದರ ಆಸುಪಾಸಿನವನು, ಕೂದಲು ಅರ್ಧ ಬೆಳ್ಳಗೆ. ಅರ್ಜಿ ಫಾರಂ ಕೊಂಡ ರಸೀದಿ ನೋಡಿ, "ಯಾರು ಗೈಡು?" ಅಂದ. ಹೇಳಿದೆ. ಅವನು ಯಂತ್ರದ ಮುಚ್ಚಳ ಹಾಗೇ ಎತ್ತಿ ಹಿಡಿದುಕೊಂಡು ನಿಂತ.

"ನೋಟ್ಸ್ ಕೇಳಿದ್ರಾ?"

"ಕೇಳಿದ್ರು."

"ಕೇಳ್ತಾರೆ. ನನ್ನವೂ ಕೇಳಿದ್ರು. ನಾನೂ ಅಲ್ಲೇ ಪಿಎಚ್‌ಡಿಗೆ ಸೇರಿದ್ದೆ. ಮೂರು ವರ್ಷ ಬಂದರಿನ ಕೂಲಿಗಳ ಜೊತೆ ಮಲಗಿ ಎದ್ದು ಬರೆದಿದ್ದೆ. ಅವರ ಪುಸ್ತಕ ಬಂತು. ಐದನೇ ಅಧ್ಯಾಯ ನನ್ನದು, ಆರನೇದೂ ನನ್ನದು. ನನ್ನ ಹೆಸರು ಎಲ್ಲಿತ್ತು ಗೊತ್ತಾ? ಕೊನೇ ಪುಟದಲ್ಲಿ, ಬೆರಳಚ್ಚು ಮಾಡಿಕೊಟ್ಟವರ ಪಕ್ಕದಲ್ಲಿ." ಮುಚ್ಚಳ ಹಾಕಿದ. "ಈಗ ಬೇರೆಯವರ ಪ್ರತಿ ತೆಗೀತೀನಿ. ಅವರು ನನಗೆ ಕಲಿಸಿದ್ದು ಅದೇ ತಾನೇ."

ಅಂದುಕೊಂಡೆ, ಬೆಳ್ಳಗಿರೋದೆಲ್ಲ ಹಾಲಲ್ಲ. ನನ್ನ ಹೆಸರು ಹೋದರೆ ಹೋಗಲಿ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅದರ ಜೊತೆಗೆ ಆ ಡಬ್ಬವೂ ಇತ್ತು. ಇವರು ಬರೆದು ಅಚ್ಚು ಹಾಕಿಸಿ, ಅದು ಆಸ್ಪತ್ರೆಯ ಆಫೀಸಿನವರ ಕೈಗೆ ಸಿಕ್ಕಿದರೆ? ಕೊಡದಿದ್ದರೆ ಸಹಿ ಇಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎರಡು ದಿನ ರಜೆ ಹಾಕಿದೆ, ಶನಿವಾರ ಭಾನುವಾರವೂ ಸೇರಿತು, ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದು ಹೊಸ ನೋಟ್‌ಪುಸ್ತಕ ಬರೆದೆ.

ಎರಡು ವರ್ಷದ ತಾರೀಕು ಹಾಕಿದೆ. ಡಬ್ಬದ ಸುದ್ದಿ ತೆಗೆದೆ. ಸಿಕ್ಕಿದ್ದೆಲ್ಲ ಆಫೀಸಿಗೆ ಕೊಡುತ್ತಾರೆ ಅಂತ ಬರೆದೆ. ಹಾಗೆ ಬರೆದರೆ ಪುಸ್ತಕ ಸಪ್ಪೆಯಾಯಿತು. ಸಪ್ಪೆ ಪುಸ್ತಕಕ್ಕೆ ಯಾರು ಸಹಿ ಹಾಕುತ್ತಾರೆ? ಹಾಗಾಗಿ ಒಂದು ಪದ್ಧತಿ ಹುಟ್ಟಿಸಿದೆ: ರೋಗಿ ತೀರಿಕೊಂಡ ಹಾಸಿಗೆಯ ಬಟ್ಟೆ ಬಂದರೆ ಈ ಹೆಂಗಸರು ಒಗೆಯುವ ಮುಂಚೆ ಅದರ ಒಂದು ಮೂಲೆಗೆ ಗಂಟು ಹಾಕುತ್ತಾರೆ. ಒಗೆದ ಮೇಲೆ ಬಿಚ್ಚುತ್ತಾರೆ. ಇದರಲ್ಲಿ ಇನ್ನೊಂದು ಉಪಾಯವೂ ಇತ್ತು. ನಾಳೆ ಮೇಡಂ ಬರೆದ ಯಾವುದಾದರೂ ಲೇಖನದಲ್ಲಿ ಈ ಗಂಟು ಕಾಣಿಸಿಕೊಂಡರೆ, ಕಳ್ಳಿ ಸಿಕ್ಕಿಬಿದ್ದ ಹಾಗೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಎರಡು ಪುಟಕ್ಕೆ ಚಹಾ ಚೆಲ್ಲಿದೆ, ಮೂಲೆಗಳನ್ನು ಮಡಚಿ ಬಿಡಿಸಿದೆ.

"ಹಳೇ ತಾರೀಕು ಹಾಕಿ ಹೊಸದಾಗಿ ಬರೀತಿದೀಯಲ್ಲೇ, ಏನದು?" ಎಂದಳು ಅಮ್ಮ.

"ಆಫೀಸಿಂದು."

"ಆಫೀಸಿಂದು ಅಂದ್ರೆ ಸರಿ ಬಿಡು" ಎಂದು ಅವಳು ಒಳಗೆ ಹೋದಳು.

ಸೋಮವಾರ ಒಯ್ದು ಕೊಟ್ಟೆ. ಉಳಿದವು ಗೆದ್ದಲು ಹಿಡಿದು ಹೋದವು ಅಂದೆ. ಮೇಡಂ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ, "ಪಾಪ" ಅಂದರು. ಗೆದ್ದಲಿಗೆ ಅಂದರೋ ನನಗೆ ಅಂದರೋ ತಿಳಿಯಲಿಲ್ಲ.

ಗುರುವಾರ ಮಧ್ಯಾಹ್ನ ಕರೆದರು. ಹೋದಾಗ ಕುರ್ಚಿಯ ಮೇಲಿನ ಕಟ್ಟನ್ನು ತಾವೇ ಎತ್ತಿ ನೆಲಕ್ಕಿಟ್ಟು ಕೂರಿಸಿದರು. ನನ್ನ ಪುಸ್ತಕ ಮೇಜಿನ ನಡುವೆ ಇತ್ತು.

"ಎರಡು ವರ್ಷ ಒಂದೇ ಪೆನ್ನಲ್ಲಿ ಬರೆದಿದೀರಿ. ಯಾವ ಕಂಪನಿದು ಹೇಳಿ, ನಾನೂ ತಗೋತೀನಿ."

ನಾನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ.

"ಎರಡು ವರ್ಷದಲ್ಲಿ ಒಂದು ಸಲಾನೂ ಕಾಟು ಹೊಡೆದಿಲ್ಲ. ಯಾರೂ ನಿಮ್ಮ ಮಾತಿನ ಮಧ್ಯೆ ಬಾಯಿ ಹಾಕಿಲ್ಲ. ಅಲ್ಲಿ ಯಾರಿಗೂ ತಲೆನೋವು ಬಂದಿಲ್ಲ. ಹಾಗಾಗಿ ನಿನ್ನೆ ನಾನೇ ನಿಮ್ಮ ಲಾಂಡ್ರಿಗೆ ಹೋಗಿದ್ದೆ."

ನಿನ್ನೆ ಬುಧವಾರ. ಬುಧವಾರ ನಾನು ಇಡೀ ದಿನ ಉಗ್ರಾಣದಲ್ಲಿ ಹೊಸ ಬಟ್ಟೆ ಎಣಿಸುತ್ತೇನೆ. ಅದನ್ನೂ ನಾನೇ ಪುಸ್ತಕದಲ್ಲಿ ಬರೆದಿದ್ದೆ.

"ಹೋಗಿ, ಬೇಕಂತಲೇ ಕೆಟ್ಟದಾಗಿ ಕೇಳಿದೆ. ಉತ್ತರಾನ ಬಾಯಿಗೇ ಇಟ್ಟು ಕೇಳಿದೆ: ತೀರಿಕೊಂಡವರ ಬಟ್ಟೆಗೆ ಗಂಟು ಹಾಕ್ತೀರಂತೆ, ಹೌದಾ? ದೊಡ್ಡವರೊಬ್ಬರು, ಹೌದು, ಮೊದಲಿಂದ ನಡೆದು ಬಂದಿದ್ದು ಅಂದ್ರು. ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕರೆದು ಕೇಳಿದೆ. ಏಳೂ ಜನ, ಹೌದು, ಮೊದಲಿಂದ ನಡೆದು ಬಂದಿದ್ದು. ಒಬ್ಬಾಕೆ ಗಂಟು ಹಾಕಿಯೂ ತೋರಿಸಿದ್ರು." ಮೇಡಂ ಕನ್ನಡಕ ತೆಗೆದು ಒರೆಸಿದರು. "ನಿಜ ಹೇಳೋವಾಗ ಏಳು ಜನ ಏಳು ಥರ ಹೇಳ್ತಾರೆ. ಏಳು ಬಾಯಲ್ಲಿ ಒಂದೇ ಮಾತು ಬಂದ್ರೆ ಅದು ಕಲಿಸಿಕೊಟ್ಟ ಪಾಠ. ಈ ಗಂಟು ನಿಮ್ಮದು ತಾನೇ?"

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ತೆರೆದವಳು ಬೇರೆಯದನ್ನೇ ಹೇಳಿದೆ. "ನಿಜವಾದ್ದನ್ನ ಕೊಟ್ರೆ ನೀವು ಇಟ್ಕೋತೀರಿ. ಮೊದಲೂ ಒಬ್ಬರದ್ದು ಇಟ್ಕೊಂಡಿದೀರಿ."

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಇಲ್ಲ ಅನ್ನಲಿಲ್ಲ. ಯಾರು ಹೇಳಿದ್ದು ಅಂತಲೂ ಕೇಳಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಗೆದ್ದಲು ತಿಂದಿರೋ ಪುಸ್ತಕ ತಗೊಂಡು ನಾಳೆ ನಾಲ್ಕಕ್ಕೆ ಬನ್ನಿ. ಇಲ್ಲೇ ಕೂತು ನೋಡ್ತೀನಿ, ನಿಮ್ಮ ಕಣ್ಣೆದುರೇ. ಸುಳ್ಳಿಗೆ ನಾನು ಸಹಿ ಹಾಕಲ್ಲ" ಅಂದರು.

ಮನೆಗೆ ಹೋಗಿ ಏಳು ಪುಸ್ತಕವನ್ನೂ ಮಂಚದ ಮೇಲೆ ಹರಡಿದೆ. ಯಾವುದನ್ನು ತೋರಿಸುವುದು, ಯಾವ ಪುಟ ಹರಿದುಹಾಕುವುದು ಅಂತ ಹುಡುಕುತ್ತ ಡಬ್ಬದ ಪುಟಗಳಿಗೆ ಬಂದೆ. ಮೂರನೇ ಪುಸ್ತಕದಲ್ಲಿ ನಮ್ಮ ಲಾಂಡ್ರಿಯ ದೊಡ್ಡಕ್ಕ ಹೇಳಿದ್ದು. ಅದಾದ ಎಂಟು ದಿನಕ್ಕೆ ಇಸ್ತ್ರಿಯವಳು. ಆಮೇಲೆ ಉಳಿದವರು. ಸಿಕ್ಕಿದ್ದು ಸಿಕ್ಕಿದವರದ್ದಲ್ಲ, ಕಳಕೊಂಡವರದ್ದೂ ಅಲ್ಲ, ಡಬ್ಬದ್ದು. ಏಳು ಸಲ. ಅಕ್ಷರ ವ್ಯತ್ಯಾಸವಿಲ್ಲ. ಕೆಳಗೆ ನನ್ನ ಎರಡು ಗೆರೆ, ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ, 'ಬಲವಾದ ಪುರಾವೆ'.

ಇಸ್ತ್ರಿಯವಳು ಒಂದು ವಾಕ್ಯವನ್ನು ಎರಡು ಸಲ ಒಂದೇ ಥರ ಹೇಳಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಅವಳ ಮಾತಿಗೆ ತಲೆಯೂ ಇಲ್ಲ ಬಾಲವೂ ಇಲ್ಲ. ಅವಳ ಬಾಯಿಂದ ಇಷ್ಟು ನುಣ್ಣನೆಯ ಮಾತು ಬಂದಾಗಲಾದರೂ ನನಗೆ ಹೊಳೆಯಬೇಕಿತ್ತು. ಗಾದೆ ಸಿಕ್ಕಿತು ಅಂತ ಕುಣಿದಾಡಿದ್ದೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ದೊಡ್ಡಕ್ಕನ ಎದುರು ಹಾಸುಬಟ್ಟೆ ಹಿಡಿದು ನಿಂತೆ. ದೊಡ್ಡಕ್ಕ ಲಾಂಡ್ರಿಗೇ ಹಿರಿಯಳು, ಇನ್ನು ಹದಿನಾಲ್ಕು ತಿಂಗಳಿಗೆ ನಿವೃತ್ತಿ. ಬಟ್ಟೆ ಮಡಚಲು ಇಬ್ಬರು ಬೇಕು. ಎರಡು ಮೂಲೆ ಅವಳ ಕೈಯಲ್ಲಿ, ಎರಡು ನನ್ನ ಕೈಯಲ್ಲಿ.

"ದೊಡ್ಡಕ್ಕ, ಆ ಡಬ್ಬದ ಕಥೆ ಸುಳ್ಳಾ?"

"ಯಾವ ಡಬ್ಬ?"

"ಕಪಾಟಿನ ಮೇಲಿಂದು. ಸಿಕ್ಕಿದ್ದು ಸಿಕ್ಕಿದವರದ್ದಲ್ಲ ಅಂತ ಹೇಳಿದ್ರಲ್ಲ."

"ಓ, ಅದಾ." ನಡೆದು ಬಂದು ನನ್ನ ಕೈಯಿಂದ ಮೂಲೆ ತೆಗೆದುಕೊಂಡಳು. "ಎಂಟು ವರ್ಷ ಆಯ್ತಲ್ಲೇ ರಿಜಿಸ್ಟ್ರು. ಈಗ ಕೇಳ್ತಿದೀಯಾ?" ಅಲ್ಲಿ ನನ್ನನ್ನು ಎಲ್ಲರೂ ಕರೆಯುವುದು ರಿಜಿಸ್ಟ್ರು ಎಂದೇ.

"ಅದರೊಳಗೆ ಏನಿದೆ ಹಾಗಾದ್ರೆ?"

"ಸೂಜಿ, ದಾರ, ಗುಂಡಿ. ಆಫೀಸಿನವರು ಬಂದು ಬೀಗ ಒಡೆದ್ರೂ ಅಷ್ಟೇ ಸಿಗೋದು."

ಆಚೆ ಮೇಜಿನಲ್ಲಿ ಇಸ್ತ್ರಿಯವಳು ಕಿಸಕ್ಕನೆ ನಕ್ಕಳು. ನಾನು ಆ ಕಡೆ ನೋಡದೆ ಕೇಳಿದೆ, "ಯಾಕೆ ಸುಳ್ಳು ಹೇಳಿದ್ರಿ?"

"ನೋಡು, ನೀನು ದಿನಾ ಕೆಲಸ ಮುಗಿದ ಮೇಲೆ ರಿಜಿಸ್ಟರ್ ಹಿಡ್ಕೊಂಡು ಆಫೀಸಿಗೆ ಹೋಗ್ತೀಯ. ಊಟದ ಹೊತ್ತಲ್ಲಿ ಇನ್ನೊಂದು ಪುಸ್ತಕ ತೆಗೆದು, ಕೈ ಅಡ್ಡ ಇಟ್ಕೊಂಡು ಬರೀತೀಯ. ಏನು ಬರೀತೀಯ ಅಂತ ಒಂದು ದಿನಾನಾದ್ರೂ ಹೇಳಿದ್ಯಾ? ಬರೀಲಾ ಅಂತ ಕೇಳಿದ್ಯಾ? ನಾವೇನು ಅಂತ ತಿಳ್ಕೋಬೇಕು?"

"ನಾನು ಆಫೀಸಿನ ಕಿವಿ ಅಂದ್ಕೊಂಡ್ರಾ? ಹನ್ನೊಂದು ವರ್ಷವೂ?"

"ಮೊದಲ ಆರು ತಿಂಗಳು ಅಂದ್ಕೊಂಡ್ವಿ. ಆಮೇಲೆ ಸುಳ್ಳು ಹೇಳೋದು ಅಭ್ಯಾಸ ಆಯ್ತು."

ಅಳು ಬಂತು, ಅದನ್ನು ಮುಚ್ಚಿಡುವುದು ಯಾಕೆ? ಇವರ ಊಟದ ಡಬ್ಬಿಯಲ್ಲಿ ನಾನು ಉಂಡಿದ್ದೇನೆ. ಇವರ ಮಕ್ಕಳಿಗೆ ಫಾರಂ ತುಂಬಿಕೊಟ್ಟಿದ್ದೇನೆ. ತಾ ಕಳ್ಳ, ಪರರ ನಂಬ ಅನ್ನುತ್ತಾರೆ. ಹೇಳದೆ ಕೇಳದೆ ಏಳು ಪುಸ್ತಕ ತುಂಬಿಸಿಕೊಂಡವಳು ನಾನೇ, ಮೇಡಂ ಕದಿಯುತ್ತಾರೆ ಅಂತ ಮೂರು ಹೊತ್ತೂ ಲೆಕ್ಕ ಹಾಕಿದವಳೂ ನಾನೇ. ಆದರೂ ಒಂದು ಆಸೆ ಉಳಿದಿತ್ತು.

"ಮೊನ್ನೆ ಆ ಮೇಡಂ ಬಂದು ಗಂಟಿನ ವಿಷಯ ಕೇಳಿದಾಗ ಹೌದು ಅಂದ್ರಂತಲ್ಲ. ನನ್ನನ್ನ ಉಳಿಸೋಕೆ ತಾನೇ?"

"ನಿನ್ನ ಹೆಸರು ಅವರು ಎತ್ತಲೇ ಇಲ್ಲ. ಕನ್ನಡಕ ಹಾಕ್ಕೊಂಡು ಚೀಲ ಹಿಡ್ಕೊಂಡು ಯಾರು ಬಂದು ಏನು ಕೇಳಿದ್ರೂ ಹೌದು ಅಂದು ಕಳಿಸೋದು. ಇಲ್ಲ ಅಂದ್ರೆ ಮತ್ತೆ ಬರ್ತಾರೆ."

ಮಡಚಿದ ಬಟ್ಟೆಯನ್ನು ಕಟ್ಟಿನ ಮೇಲಿಟ್ಟು, ಅವಳು ನನ್ನ ಮುಖ ಸ್ವಲ್ಪ ಹೊತ್ತು ನೋಡಿದಳು. ನಾನು ಕೇಳಿದೆ, "ಹಾಗಾದ್ರೆ ಸಿಕ್ಕಿದ್ದನ್ನ ಏನು ಮಾಡ್ತೀರಿ?"

"ಕೇಳ್ತಿದೀಯೋ, ಬರ್ಕೊಳ್ತಿದೀಯೋ?"

"ಕೇಳ್ತಿದೀನಿ."

"ಪುಸ್ತಕ ಎಲ್ಲಿ?"

"ಮನೇಲಿ."

"ಕೆಲಸ ಮೂರಕ್ಕೆ ಮುಗಿಯುತ್ತೆ. ಮೂರೂವರೆ ಬಸ್ಸಿಗೆ ನಾನು ಒಂದು ಮನೆಗೆ ಹೋಗ್ತೀನಿ. ಬರೋದಾದ್ರೆ ಬಾ. ಇವತ್ತು ಕರೆದಿದೀನಿ, ಇನ್ನೊಂದು ದಿನ ಕರೀತೀನೋ ಇಲ್ವೋ."

ಮೂರೂವರೆಯ ಬಸ್ಸು. ನಾಲ್ಕಕ್ಕೆ ಮೇಡಂ. ಐದಕ್ಕೆ ಕಿಟಕಿ. ಇಡೀ ಬೆಳಿಗ್ಗೆ ನಾನು ಎಣಿಸಿದ್ದೆಲ್ಲ ತಪ್ಪಿತು. ಮಕ್ಕಳ ವಾರ್ಡಿನ ಚೀಲವನ್ನು ನಾಲ್ಕು ಸಲ ಎಣಿಸಿದರೆ ನಾಲ್ಕು ಸಂಖ್ಯೆ ಬಂತು. ಮೇಡಂ ಹತ್ತಿರ ಹೋಗಿ ಏನು ತೋರಿಸಲಿ? ಏಳು ಜನ ಸೇರಿ ನನಗೆ ಬರೆಸಿದ ಪಾಠವನ್ನೇ? ಆದರೂ ಪುಸ್ತಕದಲ್ಲಿ ಉಳಿದದ್ದು ಸಾಕಷ್ಟಿತ್ತು, ಸಹಿಗೆ ಸಾಲುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಬಸ್ ನಿಲ್ದಾಣದಿಂದ ಫೋನ್ ಮಾಡಿದೆ. ದೊಡ್ಡಕ್ಕ ಎರಡು ಮಾರು ದೂರದಲ್ಲಿ, ಎದೆಗೊಂದು ಸಣ್ಣ ಪೊಟ್ಟಣ ಒತ್ತಿಕೊಂಡು, ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು.

"ಮೇಡಂ, ನಾಲ್ಕಕ್ಕೆ ಬರೋಕಾಗಲ್ಲ."

"ಯಾಕೆ?"

"ಒಂದು ಕಡೆ ಹೋಗ್ತಿದೀನಿ."

"ಎಲ್ಲಿಗೆ?"

"ಹೇಳೋಹಾಗಿಲ್ಲ."

ಆ ಕಡೆ ಕುರ್ಚಿ ಕಿರುಗುಟ್ಟಿತು. "ಐದಕ್ಕೆ ಕಿಟಕಿ ಮುಚ್ಚುತ್ತೆ. ನಿಮ್ಮ ವಯಸ್ಸಿಗೆ ಮುಂದಿನ ವರ್ಷ ಅನ್ನೋದಿಲ್ಲ. ಗೊತ್ತಿದೆಯಲ್ಲ?"

"ಗೊತ್ತಿದೆ."

ಬಸ್ ಬಂತು. ಕಾಲು ಭಾಗ ದಾರಿ ಕಳೆದ ಮೇಲೆ ದೊಡ್ಡಕ್ಕ, "ಎಲ್ಲಿಗೆ ಅಂತ ಹೇಳ್ಲಿಲ್ಲ ತಾನೇ?" ಅಂದಳು. ಇಲ್ಲ ಅಂದೆ. "ನಿಜ?" ನಿಜ ಅಂದೆ. ಅವಳಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ನಾಲ್ಕನೇ ಮಹಡಿಯ ಮನೆ, ಲಿಫ್ಟ್ ಇರಲಿಲ್ಲ. ಪ್ರತಿ ಮಹಡಿಯಲ್ಲೂ ದೊಡ್ಡಕ್ಕ ನಿಂತು ಮೊಣಕಾಲು ಒತ್ತಿಕೊಂಡಳು. ವಿಳಾಸ ಕೊಡುವವಳು ವಾರ್ಡಿನ ಒಬ್ಬ ಆಯಾ, ಹೋಗುವವರು ಸರದಿಯ ಮೇಲೆ ಏಳು ಜನ, ಇಪ್ಪತ್ತು ವರ್ಷದಿಂದ ನಡೆದಿದೆ ಅಂತ ಮೆಟ್ಟಿಲ ಮೇಲೆ ಏದುಸಿರಿನಲ್ಲೇ ಹೇಳಿದಳು. ಆಫೀಸಿಗೆ ಕೊಟ್ಟರೆ ಆರು ತಿಂಗಳು ಲಕೋಟೆಯಲ್ಲಿದ್ದು ಕಸಕ್ಕೆ ಹೋಗುತ್ತದೆ. "ನಮ್ಮ ಕೈಲಿ ಸಿಕ್ಕಿದ್ದು, ನಮ್ಮ ಕೈಯಾರೆ ಕೊಟ್ರೆ ಮನಸ್ಸಿಗೆ ಆಗುತ್ತೆ."

ಬಾಗಿಲು ತೆಗೆದವಳು ನನ್ನ ವಯಸ್ಸಿನ ಹೆಂಗಸು, ಒದ್ದೆ ಕೈ. ಅನುಮಾನದಿಂದಲೇ ನೋಡಿದಳು, ಬಾಗಿಲ ಸರಪಳಿ ತೆಗೆಯಲಿಲ್ಲ. ದೊಡ್ಡಕ್ಕ ಆ ಸಂದಿಯಲ್ಲೇ, "ಹನ್ನೆರಡನೇ ಹಾಸಿಗೆ ನಿಮ್ಮ ತಂದೆ ತಾನೇ? ಹಾಸುಬಟ್ಟೆಯಲ್ಲಿ ಇದಿತ್ತು" ಎಂದು ಪೊಟ್ಟಣ ಬಿಚ್ಚಿದಳು. ಬಿಳಿ ಬಟ್ಟೆಯ ಮೇಲೆ ಒಂದು ಹಲ್ಲಿನ ಸೆಟ್ಟು. ತೊಳೆದು, ಒರೆಸಿ, ಫಳಫಳ ಅನ್ನುತ್ತಿತ್ತು.

ಆಕೆ ಮೊದಲು ನಕ್ಕಳು. ಜೋರಾಗಿಯೇ ನಕ್ಕಳು. ಸರಪಳಿ ತೆಗೆದಳು. ಆಮೇಲೆ ಹೊಸ್ತಿಲಲ್ಲೇ ಕುಸಿದು ಕೂತು, ಹಲ್ಲಿನ ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. "ಎಲ್ಲಾ ಕಡೆ ಹುಡುಕಿದ್ವಿ. ಹಲ್ಲಿಲ್ಲದೆ ಕಳಿಸಿದ್ವಿ. ಬಾಯಿ ಒಳಗೆ ಹೋಗಿ ಮುಖಾನೇ ಬೇರೆ ಆಗಿತ್ತು. ಇದು ನಿಮ್ಮಪ್ಪ ಅಲ್ಲ, ಯಾರೋ ಬೇರೆಯವರನ್ನ ಕೊಟ್ಟಿದಾರೆ ಅಂತ ಅಮ್ಮ ಇವತ್ತಿಗೂ ಹೇಳ್ತಾಳೆ. ನಮ್ಮನ್ನ ನಂಬ್ತಾನೇ ಇಲ್ಲ." ಒಳಗಿನಿಂದ ಒಂದು ಮುದಿ ದನಿ, ಯಾರೇ ಅದು ಅಂತ ಕೇಳಿತು. ಆಕೆ ಎದ್ದು ಒಳಗೆ ಓಡಿದಳು. ಒಳಗೆ ಏನಾಯಿತೋ ನಮಗೆ ಕಾಣಲಿಲ್ಲ. ಆಮೇಲೆ ಮುದುಕಿ, "ಹೌದು, ಅವರದ್ದೇ" ಅಂದದ್ದು ಕೇಳಿಸಿತು.

ನಡುಮನೆಯ ಗೋಡೆಯ ಮೇಲೆ ಗಡಿಯಾರವಿತ್ತು. ಐದಕ್ಕೆ ಎರಡು ನಿಮಿಷ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಮನೆಯವರ ಅಳುವಿಗೋ ನನ್ನದಕ್ಕೋ ಕಣ್ಣೊರೆಸಿಕೊಂಡೆ.

ವಾಪಸ್ಸು ಬರುವ ಬಸ್ಸಿಗೆ ಕಾಯುವಾಗ ಕೇಳಿದೆ, "ದೊಡ್ಡಕ್ಕ, ಇದನ್ನ ಬರೀಲಾ?"

ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದ್ದೆ. ಹೂಂ ಅನ್ನುತ್ತಾಳೆ ಅಂತ ಕಾದೆ.

"ಬೇಡ" ಅಂದಳು. ಬಸ್ಸು ಬರುವ ದಿಕ್ಕು ನೋಡುತ್ತ, "ನಾನು ಕೆಲಸ ಬಿಟ್ಟ ಮೇಲೆ ಬರಿ. ಅಲ್ಲೀವರೆಗೂ ಬೇಡ. ಆಗಲೂ ಉಳಿದವರನ್ನ ಕೇಳಿ ಬರಿ" ಎಂದು ಸೇರಿಸಿದಳು.

ಸೋಮವಾರ ನನ್ನ ಅರ್ಜಿ ಮತ್ತು ಸುಳ್ಳು ಪುಸ್ತಕ ವಾಪಸ್ಸು ತರಲು ಮೇಡಂ ಕೋಣೆಗೆ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಖಾನೆಯಿಂದ ಅರ್ಜಿ ತೆಗೆದು ನನ್ನ ಮುಂದೆ ಸರಿಸಿದರು. ಗೈಡ್ ಅನ್ನುವ ಜಾಗದಲ್ಲಿ ಸಹಿ ಇತ್ತು. ಶುಕ್ರವಾರದ ತಾರೀಕು.

"ಎಲ್ಲಿಗೆ ಅಂತ ಹೇಳೋಹಾಗಿಲ್ಲ ಅಂದ್ರಲ್ಲ, ಆಗ ಹಾಕಿದೆ" ಅಂದರು. "ನೀವು ಒಬ್ಬರಿಗಾದ್ರೂ ಮಾತು ಕೊಟ್ಟಿದೀರಿ ಅಂತ ಗೊತ್ತಾಯ್ತು. ಐದರವರೆಗೂ ಕಾದೆ. ಕಿಟಕಿಗೆ ನಾನು ಒಯ್ಯೋಹಾಗಿಲ್ಲ, ಅರ್ಜಿದಾರರೇ ಕೊಡಬೇಕು. ಇನ್ನು ಇದು ಬರೀ ಕಾಗದ."

ನಾನು ಆ ಸಹಿಯನ್ನೇ ನೋಡುತ್ತ ಕೂತೆ. ಸಣ್ಣ ಸಹಿ, ಇರುವೆ ಸಾಲಿನಂತೆ.

"ಗುರುವಾರ ನಾಲ್ಕರ ಮೇಲೆ ನನಗೆ ಪಾಠ ಇರಲ್ಲ. ಬಾ. ಕೂತು ಮಾತಾಡೋಣ. ಅದಕ್ಕೆ ಯಾವ ಅರ್ಜಿಯೂ ಬೇಡ, ವಯಸ್ಸೂ ಬೇಡ." ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಖುಷಿಯಾಗಬೇಕಿತ್ತು. ನನ್ನ ಹುಟ್ಟುಗುಣ ಸುಟ್ಟರೂ ಹೋ‌ಗುವುದಿಲ್ಲವಲ್ಲ. "ಡಿಗ್ರಿನೂ ಇಲ್ಲ, ಪುಸ್ತಕಾನೂ ಕೊಡಲ್ಲ, ಹದಿನಾಲ್ಕು ತಿಂಗಳು ನಾನು ಏನೂ ಹೇಳೋಹಾಗಿಲ್ಲ. ನಿಮಗೇನು ಲಾಭ ಮೇಡಂ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದೆ.

ಅವರು ಕಿಟಕಿಯ ಆಚೆ ನೋಡಿದರು. ಅಲ್ಲಿಂದ ಗೇಟೂ, ಗೇಟಿನ ಎದುರಿನ ಅಂಗಡಿಯೂ ಕಾಣುತ್ತದೆ.

"ಹದಿನಾರು ವರ್ಷದಿಂದ ದಿನಾ ಆ ಅಂಗಡಿ ಮುಂದೆ ಹೋಗ್ತೀನಿ. ಒಂದು ಹಾಳೆ ಪ್ರತಿ ಬೇಕಾದ್ರೂ ದೂರದ ಇನ್ನೊಂದು ಅಂಗಡಿಗೆ ನಡೀತೀನಿ. ಅವನು ಹೇಳಿದ್ದು ನಿಜ. ಐದು, ಆರು, ಎರಡೂ ಅವನದ್ದೇ. ಏಳರಲ್ಲೂ ಅರ್ಧ ಅವನದ್ದು. ಅದು ಅವನಿಗೇ ಗೊತ್ತಿಲ್ಲ."

ನಾನು ಅಂದುಕೊಂಡಿದ್ದೆಲ್ಲ ನಿಜವಾಗಿತ್ತು, ಗೆದ್ದ ಹಾಗೆ ಮಾತ್ರ ಅನ್ನಿಸಲಿಲ್ಲ. ಕೈ ತಾನಾಗಿಯೇ ಚೀಲದೊಳಗೆ ಪೆನ್ನು ಹುಡುಕುತ್ತಿತ್ತು. ಅದನ್ನು ಅಲ್ಲೇ ತಡೆದು ಹಿಡಿದೆ.

"ಇದನ್ನ ಬರೀಬಹುದಾ ಮೇಡಂ?"

ಅವರು ಒಮ್ಮೆ ಬೇಡ ಅನ್ನಲು ಬಾಯಿ ತೆರೆದದ್ದು ನನಗೆ ಕಂಡಿತು. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿ, ವಾಪಸ್ಸು ಬಂದು ನನ್ನೆದುರು ಕೂತು, "ಬರ್ಕೋ" ಅಂದರು.